ಬಿಸಿಲೂರಿನ ಬೆಕ್ಕಿಗೆ ಯಾವ ಊಟ? ಡ್ರೈ, ವೆಟ್, ಹಸಿ ಮಾಂಸ: ಆರಿಸುವ ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ಬೆಕ್ಕಿನ ಊಟದ ಮಾತು ತೆಗೆದರೆ ಸಾಕು, ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಬೆಕ್ಕಿಗ್ಯಾಕ್ರೀ ಇಷ್ಟು ಖರ್ಚು? ಹಾಲು ರೊಟ್ಟಿ ಹಾಕ್ರಿ, ಉಳಿದದ್ದು ಇಲಿ ಹಿಡ್ಕೊಂಡು ತಿಂತದ." ಅಂಗಳ, ಹಿತ್ತಲು, ಕಾಳಿನ ಚೀಲ ಇದ್ದ ಮನೆಗಳಲ್ಲಿ ಈ ಮಾತು ಅರ್ಧ ನಿಜವಾಗಿತ್ತು. ಅಲ್ಲಿ ಬೆಕ್ಕಿನ ನಿಜವಾದ ಊಟ ಇಲಿಯೇ. ರೊಟ್ಟಿ ಬರೀ ನೆಪ. ಈಗ ಸೇಡಂ ರಸ್ತೆ ಕಡೆಯ ಎರಡನೇ ಮಹಡಿಯ ಮನೆಯಲ್ಲಿ, ಜಾಲರಿ ಹಾಕಿದ ಕಿಟಕಿ ಹಿಂದೆ ಕೂತ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು? ನೀವು ಬಟ್ಟಲಿಗೆ ಹಾಕಿದ್ದಷ್ಟೇ ಅದರ ಪಾಲಿಗೆ ಬರುವುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಿನ ಬಿಸಿಲಿಗೆ ಬರೀ ಡ್ರೈ ಫುಡ್, ಅಂದರೆ ಪ್ಯಾಕೆಟ್‌ನಲ್ಲಿ ಬರುವ ಒಣ ಕಾಳು, ಸಾಲದು. ಬರೀ ವೆಟ್ ಫುಡ್, ಅಂದರೆ ಪೌಚ್ ಎನ್ನುವ ಸಣ್ಣ ಪ್ಯಾಕೆಟ್‌ನಲ್ಲಿ ಬರುವ ಒದ್ದೆ ಆಹಾರ, ಒಳ್ಳೆಯದೇ, ಆದರೆ ಜೇಬಿಗೆ ಭಾರ. ಹಸಿ ಮಾಂಸ ಬೇಡ. ಹೆಚ್ಚಿನ ಮನೆಗಳಿಗೆ ವೆಟ್ ಮತ್ತು ಡ್ರೈ ಸೇರಿಸಿ ಕೊಡುವುದೇ ಸರಿಹೊಂದುತ್ತದೆ. ಎಷ್ಟು ಸೇರಿಸಬೇಕು, ಹೇಗೆ ಲೆಕ್ಕ ಹಾಕಬೇಕು ಅನ್ನುವುದನ್ನು ಒಂದೊಂದಾಗಿ ನೋಡೋಣ.

ಹೆಜ್ಜೆ 1: ಬೆಕ್ಕಿಗೆ ಮಾಂಸ ಬೇಕೇ ಬೇಕು

ನಾಯಿ ಅನ್ನ, ಸಾರು, ರೊಟ್ಟಿ ತಿಂದು ಹೇಗೋ ಹೊಂದಿಕೊಳ್ಳುತ್ತದೆ. ಬೆಕ್ಕಿಗೆ ಅದು ಆಗುವುದಿಲ್ಲ. ಟಾರಿನ್ ಎನ್ನುವ ಒಂದು ಅಂಶವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ, ಮೀನಿನಿಂದಲೇ ಬರಬೇಕು. ಜೋಳದಲ್ಲಿ ಇಲ್ಲ, ಬೇಳೆಯಲ್ಲಿ ಇಲ್ಲ. ತೊಗರಿಯ ನಾಡಿನಲ್ಲಿದ್ದೇವೆ ಅಂತ ಬೇಳೆಕಟ್ಟು ಸುರಿದರೆ ಬೆಕ್ಕಿಗೆ ಏನೂ ಉಪಯೋಗವಿಲ್ಲ. ಟಾರಿನ್ ಕಡಿಮೆಯಾದರೆ ಕಣ್ಣಿನ ಒಳಪದರ ಹಾಳಾಗುತ್ತದೆ, ಹೃದಯದ ಸ್ನಾಯು ಸಡಿಲವಾಗಿ ಊದಿಕೊಳ್ಳುತ್ತದೆ. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಪಾಲ್ ಪಿಯಾನ್ ಮತ್ತು ಸಂಗಡಿಗರು ಬೆಕ್ಕಿನ ಈ ಹೃದಯರೋಗಕ್ಕೂ ಟಾರಿನ್ ಕೊರತೆಗೂ ಇರುವ ನಂಟನ್ನು ತೋರಿಸಿದರು. ಆಗ ರೋಗ ಬಂದ ಬೆಕ್ಕುಗಳು ತಿನ್ನುತ್ತಿದ್ದದ್ದು ಪ್ಯಾಕೆಟ್ ಆಹಾರವನ್ನೇ. ಅದಾದ ಮೇಲೆ ಕಂಪನಿಗಳು ಟಾರಿನ್ ಪ್ರಮಾಣ ಹೆಚ್ಚಿಸಿದವು. ರೋಗವೂ ಬಹಳ ಕಡಿಮೆಯಾಯಿತು.

ವಿಟಮಿನ್ ಎ ಕಥೆಯೂ ಹೀಗೇ. ನಾವು ಗಜ್ಜರಿ ತಿಂದರೆ ದೇಹ ಅದರಿಂದ ವಿಟಮಿನ್ ಎ ಮಾಡಿಕೊಳ್ಳುತ್ತದೆ. ಬೆಕ್ಕು ಮಾಡಿಕೊಳ್ಳುವುದಿಲ್ಲ, ಅದಕ್ಕೆ ಪ್ರಾಣಿಮೂಲದ್ದೇ ಆಗಬೇಕು. ಇನ್ನು ಹಾಲು: ಮರಿತನ ದಾಟಿದ ಬಹಳಷ್ಟು ಬೆಕ್ಕುಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಕುಡಿಯುವಾಗ ಖುಷಿಯಾಗಿ ಕುಡಿಯುತ್ತದೆ, ಆಮೇಲೆ ಭೇದಿ.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಭಾಗದಲ್ಲಿ ಮನೆಯೊಳಗೆ ಮಾಂಸ ತರದ ಕುಟುಂಬಗಳು ಬಹಳ. ಅಂಥ ಮನೆಗೂ ಬೆಕ್ಕಿನ ಮರಿ ಬಂದು ಸೇರಿಕೊಂಡಿರುತ್ತದೆ, ಮಕ್ಕಳು ಬಿಡುವುದಿಲ್ಲ. ಅವರಿಗೆ ಪ್ಯಾಕೆಟ್ ಆಹಾರ ದೊಡ್ಡ ಅನುಕೂಲ. ಬೇಯಿಸುವುದಿಲ್ಲ, ಕೊಯ್ಯುವುದಿಲ್ಲ, ಅಡುಗೆಮನೆಗೆ ತರಬೇಕಾಗಿಲ್ಲ. ಬಾಲ್ಕನಿಯಲ್ಲೋ ವರಾಂಡದಲ್ಲೋ ಬೆಕ್ಕಿಗೇ ಅಂತ ಒಂದು ಬಟ್ಟಲು, ಒಂದು ಚಮಚ ಬೇರೆ ಇಟ್ಟರೆ ಆಯ್ತು. ಅಜ್ಜಿ ಅದಕ್ಕೂ ಒಪ್ಪದಿದ್ದರೆ? ಮೊಲ ಸಾಕಿ. ಬೆಕ್ಕನ್ನು ಸಸ್ಯಾಹಾರಿ ಮಾಡುವ ಪ್ರಯತ್ನ ಮಾತ್ರ ಬೇಡ.

ಹೆಜ್ಜೆ 2: ಬೆಲೆಗಿಂತ ಮೊದಲು ನೀರು ನೋಡಿ

ಮನೆಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ಪ್ರದೇಶದ ಕಾಡುಬೆಕ್ಕು. ಬೇಟೆಯ ಮಾಂಸದಲ್ಲಿರುವ ನೀರೇ ಅದಕ್ಕೆ ಮುಖ್ಯ ನೀರು. ಆ ಗುಣ ಇನ್ನೂ ಹೋಗಿಲ್ಲ. ಬೆಕ್ಕಿಗೆ ಬಾಯಾರಿಕೆ ಕಡಿಮೆ. ನೀರಿನಂಶ ಕಡಿಮೆಯಾದರೂ ಅದು ನಾಯಿಯ ಹಾಗೆ ಓಡಿಹೋಗಿ ಬಟ್ಟಲು ಖಾಲಿ ಮಾಡುವುದಿಲ್ಲ.

ಇದನ್ನು ಅಂಕಿಯಲ್ಲಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. 4 ಕೆಜಿ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 200 ಎಂಎಲ್ ನೀರು ಬೇಕು, ಊಟದ್ದೂ ಸೇರಿ. ಡ್ರೈ ಫುಡ್‌ನಲ್ಲಿ ನೀರಿನಂಶ 10%ರ ಆಸುಪಾಸು. ದಿನಕ್ಕೆ 60 ಗ್ರಾಂ ತಿಂದರೆ ಅದರಿಂದ ಸಿಗುವ ನೀರು ಬರೀ 6 ಎಂಎಲ್, ಒಂದು ದೊಡ್ಡ ಚಮಚದಷ್ಟೂ ಇಲ್ಲ. ಉಳಿದದ್ದೆಲ್ಲ ಅದು ತಾನಾಗಿ ಕುಡಿಯಬೇಕು. ವೆಟ್ ಫುಡ್‌ನಲ್ಲಿ ನೀರು 75ರಿಂದ 85%. 80 ಗ್ರಾಂನ ಒಂದು ಪೌಚ್‌ನಲ್ಲೇ 60 ಎಂಎಲ್ ದಾಟುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸದಲ್ಲ. ಆ ಹೊತ್ತಿಗೆ ಬರೀ ಡ್ರೈ ಫುಡ್ ತಿಂದು, ಕೂಲರ್ ಮುಂದೆ ಇಡೀ ದಿನ ಮಲಗಿರುವ ಬೆಕ್ಕಿನ ಮೂತ್ರ ಗಟ್ಟಿಯಾಗುತ್ತದೆ. ಮೂತ್ರಕೋಶದಲ್ಲಿ ಹರಳು ಕಟ್ಟುವುದಕ್ಕೆ, ಉರಿಯೂತಕ್ಕೆ ಇದು ದಾರಿ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು, ಪೂರ್ತಿ ಕಟ್ಟಿಕೊಂಡುಬಿಡಬಹುದು. ಮಣ್ಣಿನ ಟ್ರೇಗೆ ಮತ್ತೆ ಮತ್ತೆ ಹೋಗಿ ಕೂತು, ಮುಲುಗಿ, ಏನೂ ಬರದೆ ಎದ್ದು ಬರುತ್ತಿದೆಯೇ? "ಹೊಟ್ಟೆ ಕಟ್ಟಿರಬೇಕು" ಅಂತ ಎಣ್ಣೆ ಕುಡಿಸುತ್ತ ಕೂರಬೇಡಿ. ಅವತ್ತೇ ಡಾಕ್ಟರ ಹತ್ತಿರ ಒಯ್ಯಿರಿ. ಒಂದೆರಡು ದಿನದಲ್ಲಿ ಜೀವಕ್ಕೇ ಕುತ್ತು.

ಹಾಗಾದರೆ ಡ್ರೈ ಫುಡ್ ಕೊಡಲೇಬಾರದಾ? ಕೊಡಬಹುದು. ಲಕ್ಷಾಂತರ ಬೆಕ್ಕುಗಳು ಅದನ್ನು ತಿಂದು ಚೆನ್ನಾಗಿವೆ. ಆದರೆ ನೀರಿನ ಜವಾಬ್ದಾರಿ ನಿಮ್ಮದಾಗುತ್ತದೆ. ನೀರಿನ ಬಟ್ಟಲು ಅಗಲವಾಗಿರಲಿ, ಮೀಸೆ ತಾಗದ ಹಾಗೆ. ಊಟದ ಬಟ್ಟಲಿನ ಪಕ್ಕದಲ್ಲೇ ಇಡಬೇಡಿ, ಮನೆಯ ಎರಡು ಮೂರು ಕಡೆ ಇಡಿ. ಮಣ್ಣಿನ ಬಟ್ಟಲಾದರೆ ಬೇಸಿಗೆಯಲ್ಲಿ ನೀರು ತಣ್ಣಗಿರುತ್ತದೆ. ದಿನಕ್ಕೆ ಎರಡು ಸಲ ಬದಲಿಸಿ, ಯಾಕೆಂದರೆ ನಮ್ಮೂರ ಧೂಳು ಮಧ್ಯಾಹ್ನದೊಳಗೆ ಮೇಲೆ ಒಂದು ಪದರ ಕೂತಿರುತ್ತದೆ.

ಹೆಜ್ಜೆ 3: ಪ್ಯಾಕೆಟ್ ತಿರುಗಿಸಿ ಓದಿ

ಮುಂಭಾಗದಲ್ಲಿ ಬೆಕ್ಕಿನ ಚೆಂದದ ಫೋಟೋ, "ಟ್ಯೂನಾ", "ಓಷನ್ ಫಿಶ್" ಅಂತ ದೊಡ್ಡ ಅಕ್ಷರ. ಅದನ್ನು ಬಿಟ್ಟು ಹಿಂಭಾಗ ನೋಡಿ. ಮೊದಲು ಹುಡುಕಬೇಕಾದ ಪದ "ಕಂಪ್ಲೀಟ್". ಅಂದರೆ ಅದೊಂದನ್ನೇ ಕೊಟ್ಟರೂ ಬೆಕ್ಕಿಗೆ ಬೇಕಾದ್ದೆಲ್ಲ ಸಿಗುತ್ತದೆ. "ಕಾಂಪ್ಲಿಮೆಂಟರಿ" ಅಂತಲೋ "ಟ್ರೀಟ್" ಅಂತಲೋ ಇದ್ದರೆ ಅದು ಊಟವಲ್ಲ, ಮೇಲುತಿಂಡಿ. ಬೆಕ್ಕುಗಳು ನೆಕ್ಕಿ ನೆಕ್ಕಿ ತಿನ್ನುವ ಟ್ಯೂಬ್ ಕ್ರೀಮ್‌ಗಳಲ್ಲಿ ಹೆಚ್ಚಿನವು ಈ ಜಾತಿಯವು. ಕೆಲವು ಪೌಚ್‌ಗಳೂ ಹಾಗೇ ಇರುತ್ತವೆ, ಆದ್ದರಿಂದ ಪ್ರತಿ ಸಲ ನೋಡಿಯೇ ಕೊಳ್ಳಿ.

ಆಮೇಲೆ ವಯಸ್ಸು. ಒಂದು ವರ್ಷದೊಳಗಿನ ಮರಿಗೆ "ಕಿಟನ್" ಆಹಾರ, ಮೇಲಿನದಕ್ಕೆ "ಅಡಲ್ಟ್".

ಈಗ ಪ್ರೋಟೀನ್. ಇಲ್ಲಿ ಎಲ್ಲರಿಗೂ ಗೊಂದಲ. ಡ್ರೈ ಪ್ಯಾಕೆಟ್ ಮೇಲೆ ಪ್ರೋಟೀನ್ 30% ಅಂತಿರುತ್ತದೆ, ವೆಟ್ ಪೌಚ್ ಮೇಲೆ 8%. ನೋಡಿದರೆ ಡ್ರೈ ಗೆದ್ದ ಹಾಗೆ. ಆದರೆ ಪೌಚ್‌ನಲ್ಲಿ ನೀರು 85%. ನೀರು ತೆಗೆದು ಹೋಲಿಸಬೇಕು. ಹೇಗೆ ಅಂದರೆ:

100ರಲ್ಲಿ ನೀರಿನಂಶ ಕಳೆಯಿರಿ. ಪೌಚ್‌ಗೆ 100 − 85 = 15. ಇದು ಒಣ ಪದಾರ್ಥ. ಪ್ರೋಟೀನ್ 8ನ್ನು 15ರಿಂದ ಭಾಗಿಸಿ 100ರಿಂದ ಗುಣಿಸಿ: ಸುಮಾರು 53%. ಡ್ರೈಗೆ ಅದೇ ಲೆಕ್ಕ: 30ನ್ನು 90ರಿಂದ ಭಾಗಿಸಿದರೆ ಸುಮಾರು 33%. ಗೆದ್ದದ್ದು ಪೌಚ್!

ಸಾಕುಪ್ರಾಣಿಗಳ ಆಹಾರಕ್ಕೆ ಮಾನದಂಡ ಹಾಕುವ ಅಮೆರಿಕದ ಎಎಎಫ್‌ಸಿಒ ಸಂಸ್ಥೆಯ ಅಳತೆ ಪ್ರಕಾರ ನೀರು ತೆಗೆದ ಲೆಕ್ಕದಲ್ಲಿ ದೊಡ್ಡ ಬೆಕ್ಕಿಗೆ ಕನಿಷ್ಠ 26%, ಮರಿಗೆ 30% ಪ್ರೋಟೀನ್ ಇರಬೇಕು. ಟಾರಿನ್ ಡ್ರೈನಲ್ಲಿ 0.1%, ವೆಟ್‌ನಲ್ಲಿ 0.2%. ಹಾಗಾಗಿ ಡ್ರೈ ಕೂಡ ಫೇಲ್ ಏನಲ್ಲ, ಪಾಸಾಗುತ್ತದೆ. ವ್ಯತ್ಯಾಸ ಪಿಷ್ಟದಲ್ಲಿದೆ. ಕಾಳಿನ ಹಾಗೆ ಗಟ್ಟಿಯಾಗಿ ಉಬ್ಬಿಬರಲು ಡ್ರೈ ಫುಡ್‌ಗೆ ಅಕ್ಕಿ, ಮೆಕ್ಕೆಜೋಳ, ಗೋಧಿ ಅಥವಾ ಬಟಾಣಿ ಹಿಟ್ಟು ಬೇಕೇ ಬೇಕು. ಪಿಷ್ಟದ ಪ್ರಮಾಣವನ್ನು ಪ್ಯಾಕೆಟ್ ಮೇಲೆ ಬರೆದಿರುವುದು ಕಡಿಮೆ. ನೀವೇ ಕಂಡುಹಿಡಿಯಬಹುದು: ಪ್ರೋಟೀನ್, ಕೊಬ್ಬು, ನಾರು, ಬೂದಿ (ಅಂದರೆ ಖನಿಜಾಂಶ), ನೀರು ಎಲ್ಲ ಕೂಡಿಸಿ 100ರಿಂದ ಕಳೆಯಿರಿ. ಪ್ರೋಟೀನ್ 30, ಕೊಬ್ಬು 10, ನಾರು 4, ಬೂದಿ 8, ನೀರು 10 ಇದ್ದರೆ ಉಳಿಯುವುದು 38. ಡ್ರೈ ಪ್ಯಾಕೆಟ್ ಮೇಲೆ ಬೂದಿಯ ಅಂಕಿ ಬರೆದಿಲ್ಲದಿದ್ದರೆ 8 ಅಂತ ಹಿಡಿಯಿರಿ.

"ಡ್ರೈ ತಿಂದರೆ ಹಲ್ಲು ಸ್ವಚ್ಛವಾಗುತ್ತದೆ" ಅನ್ನುವ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. ಹಲ್ಲಿಗಾಗಿಯೇ ಮಾಡಿದ ವಿಶೇಷ ಆಹಾರ ಬೇರೆ. ಸಾಮಾನ್ಯ ಡ್ರೈ ಕಾಳನ್ನು ಬೆಕ್ಕು ಒಂದೇ ಸಲ ಕಚ್ಚಿ ನುಂಗುತ್ತದೆ, ಎಷ್ಟೋ ಸಲ ಕಚ್ಚುವುದೂ ಇಲ್ಲ.

ಹೆಜ್ಜೆ 4: ಎಷ್ಟು ಬೇಕು, ಎಷ್ಟು ಖರ್ಚು

ಮರಿಯಾಗದಂತೆ ಆಪರೇಷನ್ ಆಗಿ ಮನೆಯೊಳಗೇ ಇರುವ 4 ಕೆಜಿ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಸಾಕು. ಹೊರಗೆ ಓಡಾಡುವ ಚುರುಕು ಬೆಕ್ಕಿಗೆ ಸ್ವಲ್ಪ ಜಾಸ್ತಿ. ಪ್ಯಾಕೆಟ್ ಮೇಲೆ ಕ್ಯಾಲೊರಿ ಬರೆದಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಪ್ರೋಟೀನ್ ಮತ್ತು ಪಿಷ್ಟವನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಿಸಿ. ಮೇಲಿನ ಡ್ರೈ ಉದಾಹರಣೆಯಲ್ಲಿ 105 + 133 + 85, ಅಂದರೆ 100 ಗ್ರಾಂಗೆ 323 ಕ್ಯಾಲೊರಿ. ಪ್ರೋಟೀನ್ 8, ಕೊಬ್ಬು 3, ಪಿಷ್ಟ 1 ಇರುವ ಪೌಚ್‌ಗೆ 100 ಗ್ರಾಂಗೆ 57ರ ಆಸುಪಾಸು ಬರುತ್ತದೆ. 80 ಗ್ರಾಂ ಪೌಚ್‌ನಲ್ಲಿ ಸುಮಾರು 46.

ಬರೀ ಡ್ರೈ ಕೊಟ್ಟರೆ ದಿನಕ್ಕೆ ಸುಮಾರು 62 ಗ್ರಾಂ. ಬರೀ ವೆಟ್ ಕೊಟ್ಟರೆ ಇಂಥ ಪೌಚ್ ನಾಲ್ಕಕ್ಕಿಂತ ಜಾಸ್ತಿ. ಅಂಗಡಿಯಲ್ಲಿ ನಿಂತು ಪೌಚ್ ಬೆಲೆಯನ್ನು ನಾಲ್ಕೂವರೆಯಿಂದ ಗುಣಿಸಿ, ಅದನ್ನು 30ರಿಂದ ಗುಣಿಸಿ. ತಿಂಗಳ ಲೆಕ್ಕ ಕಣ್ಣಿಗೆ ಕಾಣುತ್ತದೆ. ಎಷ್ಟೋ ಜನ "ದಿನಕ್ಕೊಂದು ಪೌಚ್ ಹಾಕ್ತೀವಿ" ಅನ್ನುತ್ತಾರೆ. ಬೇರೇನೂ ಕೊಡದೆ ಒಂದೇ ಪೌಚ್ ಆದರೆ ಬೆಕ್ಕು ಮುಕ್ಕಾಲು ಉಪವಾಸ.

ನಾನು ಹೇಳುವ ಹಂಚಿಕೆ ಇದು. ಬೆಳಿಗ್ಗೆ ಒಂದು ಪೌಚ್, ರಾತ್ರಿ ಒಂದು ಪೌಚ್, ನಡುವೆ 30ರಿಂದ 35 ಗ್ರಾಂ ಡ್ರೈ, ಎರಡು ಮೂರು ಸಲವಾಗಿ. ಊಟದಿಂದಲೇ ಸುಮಾರು 140 ಎಂಎಲ್ ನೀರು ಹೋಗುತ್ತದೆ. ಎರಡು ಪೌಚ್ ಕಷ್ಟ ಅನ್ನಿಸಿದರೆ ಒಂದೇ ಪೌಚ್, ಡ್ರೈ 48 ಗ್ರಾಂ. ಆಗ ಪೌಚ್‌ಗೆ ಮೂರು ನಾಲ್ಕು ಚಮಚ ಬೆಚ್ಚಗಿನ ನೀರು ಕಲಸಿ ಸೂಪಿನ ಹಾಗೆ ಮಾಡಿ. ಬಹಳಷ್ಟು ಬೆಕ್ಕುಗಳು ನೀರನ್ನೂ ನೆಕ್ಕಿಬಿಡುತ್ತವೆ. ಡ್ರೈ ಫುಡ್ ಅಳೆಯಲು ಅಡುಗೆಯ ಡಿಜಿಟಲ್ ತಕ್ಕಡಿ ಬಳಸಿ. ಹಿಡಿಯಲ್ಲಿ ಅಳೆದರೆ ಬೆಕ್ಕು ಬೇಗ ಕಾಳಿನ ಚೀಲದ ಹಾಗೆ ಊದುತ್ತದೆ.

ಹೆಜ್ಜೆ 5: ಹಸಿ ಮಾಂಸದ ಆಸೆ ಬಿಡಿ

ಹೊರದೇಶದಲ್ಲಿ "ರಾ ಫುಡ್" ಅಂತ ಡೀಪ್ ಫ್ರೀಜ್ ಮಾಡಿದ ಪ್ಯಾಕೆಟ್ ಮಾರುತ್ತಾರೆ. ನಮ್ಮಲ್ಲಿ ಹಸಿ ಅಂದರೆ ಚಿಕನ್ ಸೆಂಟರ್‌ನಲ್ಲಿ ಬೆಕ್ಕಿಗೆ ಅಂತ ಕೇಳಿ ತರುವ ತುಣುಕು: ಚರ್ಮ, ಕರುಳು, ಕಾಲು, ಕತ್ತು. ಬೇಸಿಗೆಯ ಹನ್ನೊಂದು ಗಂಟೆಗೆ ಅದೇ ಮರದ ತುಂಡಿನ ಮೇಲೆ, ಅದೇ ಕತ್ತಿಯಲ್ಲಿ ಬೆಳಿಗ್ಗೆಯಿಂದ ಕಡಿದದ್ದು. ಮನೆಗೆ ತರುವ ಹೊತ್ತಿಗೆ ಕ್ಯಾರಿಬ್ಯಾಗ್ ಬೆಚ್ಚಗಿರುತ್ತದೆ.

ತೊಂದರೆ ಎರಡು ಥರದ್ದು. ಮೊದಲನೆಯದು ರೋಗಾಣು. ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಬೆಕ್ಕಿಗೂ ಬರುತ್ತವೆ, ಬಟ್ಟಲು ತೊಳೆದ ಕೈಯಿಂದ ಮನೆಯವರಿಗೂ ಬರುತ್ತವೆ. ಫ್ರೀಜರ್‌ನಲ್ಲಿ ಇಟ್ಟರೆ ಸಾಲ್ಮೊನೆಲ್ಲಾ ಸಾಯುವುದಿಲ್ಲ, ಸುಮ್ನೆ ನಿದ್ದೆ ಮಾಡುತ್ತದೆ. ಟಾಕ್ಸೊಪ್ಲಾಸ್ಮಾ ಎನ್ನುವ ಪರಾವಲಂಬಿ ಹಸಿ ಮಾಂಸದಿಂದ ಬೆಕ್ಕಿಗೆ, ಬೆಕ್ಕಿನ ಮಲದಿಂದ ನಮಗೆ ಬರುತ್ತದೆ. ಮನೆಯಲ್ಲಿ ಬಸುರಿ ಇದ್ದರೆ ಇದು ಸಣ್ಣ ಮಾತಲ್ಲ.

ಈಗ ಅದರ ಮೇಲೆ ಹಕ್ಕಿಜ್ವರ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಹಸಿ ಟರ್ಕಿ ಆಹಾರ ತಿಂದ ಮನೆಬೆಕ್ಕೊಂದು ಎಚ್5ಎನ್1 ಎನ್ನುವ ಹಕ್ಕಿಜ್ವರದ ವೈರಸ್ ತಗುಲಿ ಸತ್ತಿತು. ಅದು ಹೊರಗೇ ಹೋಗದ ಬೆಕ್ಕು. 2025ರ ಮೊದಲ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ಸಾಕುಬೆಕ್ಕುಗಳಲ್ಲಿ ಈ ವೈರಸ್ ಸಿಕ್ಕಿತು. ಅದೇ ಹೊತ್ತಿಗೆ ನಮ್ಮ ಕಲ್ಯಾಣ ಕರ್ನಾಟಕದ ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲೂ ಕೋಳಿಗಳಿಗೆ ಹಕ್ಕಿಜ್ವರ ಬಂದಿತ್ತು. ಚೆನ್ನಾಗಿ ಬೇಯಿಸಿದರೆ ಈ ವೈರಸ್ ಉಳಿಯುವುದಿಲ್ಲ.

ಎರಡನೆಯದು ಪೌಷ್ಟಿಕತೆ. "ಕಾಡಲ್ಲಿ ಬೆಕ್ಕು ಹಸಿಯದೇ ತಿಂತದಲ್ಲ?" ತಿನ್ನುತ್ತದೆ. ಆದರೆ ಅದು ಇಲಿಯನ್ನು ಇಡಿಯಾಗಿ ತಿನ್ನುತ್ತದೆ: ಎಲುಬು, ಹೃದಯ, ಪಿತ್ತಜನಕಾಂಗ, ರಕ್ತ ಎಲ್ಲ. ಎಲುಬಿನಿಂದ ಕ್ಯಾಲ್ಸಿಯಂ, ಹೃದಯದಿಂದ ಟಾರಿನ್. ನೀವು ಬೋನ್‌ಲೆಸ್ ಚಿಕನ್ ಮಾತ್ರ ಹಾಕಿದರೆ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಬರೀ ಮಾಂಸದ ಮೇಲೆ ಬೆಳೆದ ಮರಿಗಳ ಎಲುಬು ಮೆತ್ತಗಾಗಿ, ಸೋಫಾದಿಂದ ಜಿಗಿದರೂ ಮುರಿಯುತ್ತವೆ. ಬರೀ ಪಿತ್ತಜನಕಾಂಗ ಹಾಕಿದರೆ ವಿಟಮಿನ್ ಎ ಜಾಸ್ತಿಯಾಗಿ ಎಲುಬಿಗೇ ತೊಂದರೆ. ಹಸಿ ಮೀನು ಹಾಕುತ್ತಲೇ ಇದ್ದರೆ ಕೆಲವು ಜಾತಿಯ ಮೀನಿನಲ್ಲಿರುವ ಕಿಣ್ವ ವಿಟಮಿನ್ ಬಿ1 ಅನ್ನು ಹಾಳುಮಾಡುತ್ತದೆ.

ಮನೆಯಲ್ಲಿ ಚಿಕನ್ ಮಾಡುವವರು ಬೆಕ್ಕಿಗೆ ಒಂದು ತುಂಡು ಕೊಡಬೇಡಿ ಅಂತ ನಾನು ಹೇಳುವುದಿಲ್ಲ. ಒಗ್ಗರಣೆಗೆ ಮೊದಲೇ ಸ್ವಲ್ಪ ತೆಗೆದಿಟ್ಟು, ಉಪ್ಪು ಖಾರ ಹಾಕದೆ ನೀರಲ್ಲಿ ಬೇಯಿಸಿ, ಎಲುಬು ಬಿಡಿಸಿ ಕೊಡಿ. ದಿನದ ಕ್ಯಾಲೊರಿಯ ಹತ್ತನೇ ಒಂದು ಪಾಲು ದಾಟಬಾರದು, ಅಂದರೆ ಬೆಂದ ಮಾಂಸ 12 ಗ್ರಾಂ, ಎರಡು ಬೆರಳಗಲದ ಒಂದು ತುಣುಕು. ಬೇಯಿಸಿದ ನೀರನ್ನು ಆರಿಸಿ ಡ್ರೈ ಫುಡ್ ಮೇಲೆ ಸುರಿಯಿರಿ, ನೀರು ಕುಡಿಸಲು ಇದಕ್ಕಿಂತ ಸುಲಭದ ಉಪಾಯ ಇಲ್ಲ. ಬೆಂದ ಎಲುಬು ಮಾತ್ರ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿದ್ದ ಸಾರನ್ನು ಒಂದು ಚಮಚವೂ ಹಾಕಬೇಡಿ. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬಿರಿಯಾನಿ ಪೀಸನ್ನು ತೊಳೆದು ಕೊಟ್ಟರೂ ಮಸಾಲೆ ಒಳಗೇ ಇಳಿದಿರುತ್ತದೆ.

ಹೆಜ್ಜೆ 6: ಕೊಂಡದ್ದನ್ನು ಕೆಡದಂತೆ ಇಡುವುದು

ತೆರೆದ ಚೀಲದಿಂದ ತೂಗಿ ಕೊಡುವ ಲೂಸ್ ಡ್ರೈ ಫುಡ್ ಅಗ್ಗ. ಬೇಡ. ಯಾವಾಗ ತೆರೆದದ್ದು, ಯಾವ ತಾರೀಖಿಗೆ ಮುಗಿಯುತ್ತದೆ, ಯಾವ ವಯಸ್ಸಿನದು, ಏನೂ ಗೊತ್ತಾಗುವುದಿಲ್ಲ. ನಾಯಿಯ ಆಹಾರವೂ ಅಗ್ಗಕ್ಕೆ ಸಿಗುತ್ತದೆ ಅಂತ ಬೆಕ್ಕಿಗೆ ಹಾಕಬೇಡಿ, ಅದರಲ್ಲಿ ಟಾರಿನ್ ಸಾಕಷ್ಟು ಇರಲೇಬೇಕೆಂಬ ನಿಯಮವಿಲ್ಲ.

ಹೈದರಾಬಾದಿಗೆ ಹೋದವರು ಅಗ್ಗ ಅಂತ ದೊಡ್ಡ ಚೀಲ ಹೊತ್ತು ತರುವುದುಂಟು. ಒಂದೇ ಬೆಕ್ಕಿದ್ದರೆ ಅದು ಲಾಭವಲ್ಲ. ತೆರೆದ ಮೇಲೆ ಡ್ರೈ ಫುಡ್‌ನ ಕೊಬ್ಬು ಗಾಳಿ ಮತ್ತು ಸೆಖೆಗೆ ಕಮಟು ವಾಸನೆ ಹಿಡಿಯುತ್ತದೆ. ತಿಂಗಳು, ಒಂದೂವರೆ ತಿಂಗಳಲ್ಲಿ ಮುಗಿಯುವಷ್ಟೇ ಕೊಳ್ಳಿ. ದಿನಕ್ಕೆ 35 ಗ್ರಾಂ ಅಂದರೆ ಒಂದು ಕೆಜಿ ಹೆಚ್ಚುಕಡಿಮೆ ಒಂದು ತಿಂಗಳು ಬರುತ್ತದೆ. ಚೀಲದ ಸಮೇತ ಸ್ಟೀಲ್ ಡಬ್ಬಿಯಲ್ಲಿಟ್ಟು, ಬಿಸಿಲು ಬೀಳುವ ಗೋಡೆಯಿಂದ ದೂರ ಇಡಿ.

ವೆಟ್ ಫುಡ್ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಹೊರಗೆ 32 ಡಿಗ್ರಿ ದಾಟಿದರೆ ಬಟ್ಟಲಲ್ಲಿ ಒಂದು ಗಂಟೆಗಿಂತ ಜಾಸ್ತಿ ಬಿಡಬಾರದು. ನಮ್ಮೂರಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಹಗಲೆಲ್ಲ ಅದೇ ಲೆಕ್ಕ. ಆದ್ದರಿಂದ ಬೇಸಿಗೆಯಲ್ಲಿ ಪೌಚ್ ಬೆಳಿಗ್ಗೆ ಏಳರೊಳಗೆ ಮತ್ತು ರಾತ್ರಿ. ಅರ್ಧ ಉಳಿದರೆ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ಗೆ, ಮರುದಿನದೊಳಗೆ ಮುಗಿಸಿ. ಕರೆಂಟ್ ತಾಸುಗಟ್ಟಲೆ ಹೋದ ದಿನ ಆ ಅರ್ಧದ ಆಸೆ ಬಿಡಿ. ಫ್ರಿಜ್‌ನಿಂದ ತೆಗೆದದ್ದನ್ನು ತಣ್ಣಗೇ ಕೊಟ್ಟರೆ ಬೆಕ್ಕು ಮೂಸಿ ಹೋಗಿಬಿಡುತ್ತದೆ. ಬಿಸಿನೀರು ಕಲಸಿದರೆ ವಾಸನೆ ಏಳುತ್ತದೆ, ತಿನ್ನುತ್ತದೆ.

ಇರುವೆಗೆ ಹಳೇ ಉಪಾಯವೇ ಸಾಕು: ಅಗಲ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಬಟ್ಟಲು ಇಡಿ.

ಹೆಜ್ಜೆ 7: ನಿಧಾನವಾಗಿ ಬದಲಿಸಿ

ಹಾಲು ರೊಟ್ಟಿಗೆ, ಬರೀ ಡ್ರೈಗೆ ಒಗ್ಗಿದ ಬೆಕ್ಕಿನ ಮುಂದೆ ಒಂದೇ ದಿನ ಪೌಚ್ ಸುರಿದರೆ ಹೊಟ್ಟೆ ಕೆಡುತ್ತದೆ. 7ರಿಂದ 10 ದಿನ ತೆಗೆದುಕೊಳ್ಳಿ. ಮೊದಲ ಎರಡು ಮೂರು ದಿನ ಹೊಸದು ಕಾಲು ಭಾಗ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಮಲ ತೆಳುವಾದರೆ ಹಿಂದಿನ ಮೆಟ್ಟಿಲಿಗೆ ಇಳಿದು ಎರಡು ದಿನ ಕಾಯಿರಿ.

"ಹಸಿವಾದರೆ ತಾನಾಗಿ ತಿಂತದ" ಅಂತ ಹಟಕ್ಕೆ ಬೀಳಬೇಡಿ. ಬೆಕ್ಕಿನ ಜೊತೆ ಈ ಆಟ ನಡೆಯುವುದಿಲ್ಲ. ಎರಡು ಮೂರು ದಿನ ಪೂರ್ತಿ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಜೀವಕ್ಕೆ ಅಪಾಯ. ಒಂದು ದಿನ ಇಡೀ ಮುಟ್ಟದಿದ್ದರೆ ಹಳೇ ಊಟ ಕೊಡಿ. ಅದನ್ನೂ ಬಿಟ್ಟರೆ ಡಾಕ್ಟರ ಬಳಿ ಹೋಗಿ.

ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ, ಹಿಂದೆ ಮೂತ್ರ ಕಟ್ಟಿದ ಬೆಕ್ಕು ಇದ್ದರೆ ಮೇಲಿನ ಹಂಚಿಕೆ ನಿಮಗಲ್ಲ. ಅವಕ್ಕೆ ಬೇರೆಯೇ ಆಹಾರ ಇದೆ, ಪಶುವೈದ್ಯರು ಹೇಳಿದ್ದೇ ಕೊಡಿ. ಇಲ್ಲಿನ ಆಸ್ಪತ್ರೆಗಳಲ್ಲಿ ಎಮ್ಮೆ, ಹಸು, ಆಡುಗಳದ್ದೇ ಗದ್ದಲ. ಬೆಕ್ಕಿನ ಸ್ಕ್ಯಾನಿಂಗ್, ರಕ್ತಪರೀಕ್ಷೆ ಬೇಕಾದರೆ ಬೀದರ್‌ನ ನಂದಿನಗರದಲ್ಲಿರುವ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಹೆಜ್ಜೆ 8: ತಿಂಗಳಿಗೊಮ್ಮೆ ಪರೀಕ್ಷೆ

ಬೆಕ್ಕನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಪಕ್ಕೆಲುಬಿನ ಮೇಲೆ ಕೈ ಆಡಿಸಿ: ಒತ್ತದೆಯೇ ಎಲುಬು ಕೈಗೆ ಸಿಗಬೇಕು, ಆದರೆ ಕಣ್ಣಿಗೆ ಎದ್ದು ಕಾಣಬಾರದು. ಸಿಗದಿದ್ದರೆ ಮೊದಲು ಕಡಿಮೆ ಮಾಡಬೇಕಾದ್ದು ಡ್ರೈ, ದಿನಕ್ಕೆ 5 ಗ್ರಾಂ. ಟ್ರೇನಲ್ಲಿ ಮೂತ್ರ ಬಿದ್ದು ಮಣ್ಣು ಕಟ್ಟಿಕೊಂಡ ಗಂಟುಗಳನ್ನೂ ಗಮನಿಸಿ. ದಿನಕ್ಕೆ ಎರಡು ಮೂರು ಒಳ್ಳೆ ಗಾತ್ರದ ಗಂಟು ಇದ್ದರೆ ನೀರು ಸರಿಯಾಗಿ ಹೋಗುತ್ತಿದೆ. ಗಂಟು ಸಣ್ಣದಾಗುತ್ತ ಬಂದರೆ ನಾಳೆಯ ಪೌಚ್‌ಗೆ ಇನ್ನೆರಡು ಚಮಚ ನೀರು ಸೇರಿಸಿ. ಗಂಟು ಒಮ್ಮೆಲೇ ಬಹಳ ದೊಡ್ಡದಾಗಿ, ಬೆಕ್ಕು ಬಟ್ಟಲು ಬಿಟ್ಟು ಏಳದೆ ನೀರು ಕುಡಿಯುತ್ತಿದ್ದರೆ ಅದು ಊಟದ ವಿಷಯ ಅಲ್ಲ, ಕಿಡ್ನಿಯನ್ನೂ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ.